ಹಕೀಮರ ಪುಡಿಯಾಗಲಿ, ಇಂಗ್ಲಿಷ್ ಮಾತ್ರೆಯಾಗಲಿ: ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ

ನಮ್ಮ ಮನೆಗಳಲ್ಲಿ ಔಷಧಿಯ ಬಗ್ಗೆ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಒಂದು: "ಇಂಗ್ಲಿಷ್ ಔಷಧಿ ತುಂಬ ಉಷ್ಣ, ಸ್ವಲ್ಪ ಗುಣವಾದ ಕೂಡಲೇ ಬಿಟ್ಟುಬಿಡಬೇಕು." ಇನ್ನೊಂದು: "ಹಕೀಮರ ಪುಡಿ ಬರೀ ಗಿಡಮೂಲಿಕೆ, ಅದರಿಂದ ಯಾವ ತೊಂದರೆಯೂ ಇಲ್ಲ." ಯುನಾನಿ ಓದಿ, ಯುನಾನಿ ಔಷಧಿಯನ್ನೇ ಕೊಡುತ್ತಿರುವ ನಾನು ಇವೆರಡನ್ನೂ ಒಪ್ಪುವುದಿಲ್ಲ. ಇವೆರಡೂ ಒಂದೇ ಮನೆಯಲ್ಲಿ ಸೇರಿದರೆ ಜೀವಕ್ಕೇ ಅಪಾಯ. ಹೇಗೆಂದು ಈ ಸಂಚಿಕೆಯಲ್ಲಿ ವಿವರಿಸುತ್ತೇನೆ. ಮನೆಯ ಹಿರಿಯರಿಗೂ ಓದಿ ಹೇಳಿ.

ಗಂಟುನೋವು, ಉಬ್ಬಸ, ಚರ್ಮದ ಅಲರ್ಜಿ, ಸೊಂಟನೋವು ಎಂದು ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡವರು ಒಂದು ದಿನ ಅದನ್ನು ನಿಲ್ಲಿಸುತ್ತಾರೆ. ಒಂದೆರಡು ವಾರದಲ್ಲಿ ಸುಸ್ತು ಶುರುವಾಗುತ್ತದೆ. ಊಟ ಸೇರುವುದಿಲ್ಲ, ವಾಕರಿಕೆ, ಮೈಕೈ ನೋವು, ಎದ್ದು ನಿಂತರೆ ತಲೆಸುತ್ತು. ರಕ್ತ ಕಡಿಮೆಯಾಗಿದೆ ಎಂದು ಒಬ್ಬರು ಟಾನಿಕ್ ಕೊಡುತ್ತಾರೆ, ಗ್ಯಾಸ್ಟ್ರಿಕ್ ಎಂದು ಇನ್ನೊಬ್ಬರು ಮಾತ್ರೆ ಕೊಡುತ್ತಾರೆ, ದೃಷ್ಟಿ ತಾಗಿದೆ ಎಂದು ಮನೆಯವರು ಹೇಳುತ್ತಾರೆ. ಹಾಗಿರುವಾಗ ಒಂದು ಜ್ವರವೋ ವಾಂತಿಭೇದಿಯೋ ಬಂದರೆ ಬಿ.ಪಿ. ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ಈ ಕಾಯಿಲೆ ಹೊರಗಿನಿಂದ ಬಂದದ್ದಲ್ಲ. ಚಿಕಿತ್ಸೆಯೇ ತಂದಿಟ್ಟದ್ದು.

ಬಟಾಣಿಯಷ್ಟು ಗ್ರಂಥಿ

ಮೆದುಳಿನ ತಳದಲ್ಲಿ, ಮೂಗಿನ ಹಿಂದೆ, ಎಲುಬಿನ ಒಂದು ಸಣ್ಣ ಗುಳಿಯಲ್ಲಿ ಪಿಟ್ಯುಟರಿ ಗ್ರಂಥಿ ಇದೆ. ಗಾತ್ರ ಒಂದು ಬಟಾಣಿಯಷ್ಟು, ತೂಕ ಸುಮಾರು ಅರ್ಧ ಗ್ರಾಂ. ಯುನಾನಿ ಗ್ರಂಥಗಳಲ್ಲಿ ಇದಕ್ಕೆ ಗುದ್ದಾ ನುಖಾಮಿಯಾ ಎಂದು ಹೆಸರು. ನುಖಾಮ ಎಂದರೆ ಕಫ. ಮೆದುಳಿನ ಕಫ ಈ ದಾರಿಯಾಗಿ ಮೂಗಿಗೆ ಇಳಿಯುತ್ತದೆ ಎಂದು ಜಾಲೀನೂಸ್, ಅಂದರೆ ಗ್ಯಾಲನ್, ನಂಬಿದ್ದ. ಪಿಟ್ಯುಟರಿ ಎಂಬ ಲ್ಯಾಟಿನ್ ಮೂಲದ ಹೆಸರಿಗೂ ಕಫ ಎಂದೇ ಅರ್ಥ. ಆ ನಂಬಿಕೆ ತಪ್ಪೆಂದು ನಂತರ ಗೊತ್ತಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ಹಳೆಯ ಗುರುಗಳ ಮೇಲೆ ಗೌರವ ಇಟ್ಟುಕೊಂಡೇ ಹೊಸ ತಿಳುವಳಿಕೆಯನ್ನು ಒಪ್ಪಿಕೊಳ್ಳಬಹುದು ಎಂಬುದಕ್ಕೆ ನಾನು ಈ ಹೆಸರನ್ನೇ ಉದಾಹರಣೆಯಾಗಿ ಕೊಡುತ್ತೇನೆ.

ಈ ಗ್ರಂಥಿ ಕೊಡುವ ಸೂಚನೆಯಂತೆ ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣಗಳು ಕೆಲಸ ಮಾಡುತ್ತವೆ. ಮಕ್ಕಳು ಎತ್ತರ ಬೆಳೆಯುವುದು, ತಾಯಿಗೆ ಎದೆಹಾಲು ಬರುವುದು, ದೇಹದ ನೀರು ಮೂತ್ರದಲ್ಲಿ ವ್ಯರ್ಥವಾಗದೆ ಉಳಿಯುವುದು ಇದರ ಕೈಯಲ್ಲಿದೆ.

ಅಡ್ರಿನಲ್ ಗ್ರಂಥಿಗಳು ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿವೆ. ಅವು ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನ್ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹಿಡಿದು ನಿಲ್ಲಿಸುತ್ತದೆ. ಜ್ವರ, ಅಪಘಾತ, ಆಪರೇಷನ್ ಬಂದಾಗ ಅದರ ಪ್ರಮಾಣ ತಾನಾಗಿ ಏರಿ ನಮ್ಮನ್ನು ಕಾಪಾಡುತ್ತದೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಮೀಥೈಲ್‌ಪ್ರೆಡ್ನಿಸೊಲೋನ್, ಡಿಫ್ಲಾಜಾಕಾರ್ಟ್ ಎಂಬ ಸ್ಟೀರಾಯ್ಡುಗಳು ಈ ಕಾರ್ಟಿಸಾಲಿನ ಬಂಧುಗಳು.

ದೇಹಕ್ಕೆ ದಿನಕ್ಕೆ ಬೇಕಾದ ಕಾರ್ಟಿಸಾಲ್ ಸುಮಾರು 4ರಿಂದ 6 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಅದಕ್ಕಿಂತ ಹೆಚ್ಚು ಹೊರಗಿನಿಂದ ಮೂರು ನಾಲ್ಕು ವಾರ ಮೀರಿ ಬರುತ್ತಿದ್ದರೆ ಪಿಟ್ಯುಟರಿ ಅಡ್ರಿನಲ್‌ಗೆ ಸೂಚನೆ ಕಳಿಸುವುದನ್ನು ನಿಲ್ಲಿಸಬಹುದು. ಸೂಚನೆ ಬಾರದ ಅಡ್ರಿನಲ್ ಕ್ರಮೇಣ ಸೊರಗುತ್ತದೆ. ಆಗ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಮಲಗಿದ ಗ್ರಂಥಿ ಎಚ್ಚರಗೊಳ್ಳಲು ಕೆಲವರಲ್ಲಿ ವಾರಗಳು ಸಾಕು, ಕೆಲವರಲ್ಲಿ ಒಂದು ವರ್ಷಕ್ಕೂ ಹೆಚ್ಚು ಬೇಕು.

ಇದು ಹೊಸ ಸಂಗತಿಯೇನಲ್ಲ. ಗಂಟುವಾತಕ್ಕೆ ಕಾರ್ಟಿಸೋನನ್ನು ಮೊದಲು ಬಳಸಿದ್ದು 1948ರಲ್ಲಿ, ಅಮೆರಿಕದಲ್ಲಿ. ಹಾಸಿಗೆ ಹಿಡಿದವರು ಎದ್ದು ನಡೆದಾಡಿದರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಹುಮಾನವೂ ಬಂತು. ಎರಡೇ ವರ್ಷದ ಮೇಲೆ, 1952ರಲ್ಲಿ, ಕಾರ್ಟಿಸೋನ್ ತೆಗೆದುಕೊಂಡಿದ್ದ ಒಬ್ಬ ಗಂಟುವಾತದ ರೋಗಿ ಆಪರೇಷನ್ ಆದ ಮೇಲೆ ಬಿ.ಪಿ. ಕುಸಿದು ತೀರಿಕೊಂಡ ವರದಿ ಪ್ರಕಟವಾಯಿತು. ಅವನ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. ಇಷ್ಟು ಹಳೆಯ ಪಾಠ ಇಂದಿಗೂ ನಮ್ಮ ಓಣಿಗಳಿಗೆ ತಲುಪಿಲ್ಲ ಎಂಬುದೇ ನನ್ನ ಬೇಸರ.

ಪುಡಿಯೊಳಗೆ ಏನಿದೆ?

ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಎಲ್ಲರಿಗೂ ತಾವು ಅದನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕಾಗದದಲ್ಲಿ ಕಟ್ಟಿಕೊಡುವ ಮೂರ್ನಾಲ್ಕು ಮಾತ್ರೆಗಳಲ್ಲಿ ಅದು ಇರಬಹುದು. ಮಂಡಿಗೆ ಹಾಕಿದ ಇಂಜೆಕ್ಷನ್‌ನಲ್ಲಿ ಇರಬಹುದು. ಮುಖ ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮುಗಳಲ್ಲಿ, ಗಜಕರ್ಣದ ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದರೂ ಅವು ಚೀಟಿ ಇಲ್ಲದೆ ಕೈಗೆ ಸಿಗುತ್ತಲೇ ಇವೆ.

ಇನ್ನು ನಮ್ಮ ಕ್ಷೇತ್ರದ ಮಾತು. ಹೇಳಲು ಕಷ್ಟವಾದರೂ ಹೇಳಲೇಬೇಕು. ದೇಸಿ, ಯುನಾನಿ, ಆಯುರ್ವೇದ ಎಂಬ ಹೆಸರಿನಲ್ಲಿ ಮಾರುವ ಕೆಲವು ಗಂಟುನೋವಿನ, ಉಬ್ಬಸದ ಪುಡಿಗಳಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನು ಅರೆದು ಬೆರೆಸಿರುತ್ತಾರೆ. ಹಕೀಮರು ಮತ್ತು ವೈದ್ಯರು ತಮ್ಮ ರೋಗಿಗಳಿಗೆ ತಾವೇ ಔಷಧಿ ತಯಾರಿಸಿ ಕೊಡಲು 1940ರ ಔಷಧಿ ಕಾಯ್ದೆ ಪ್ರತ್ಯೇಕ ಲೈಸೆನ್ಸ್ ಕೇಳುವುದಿಲ್ಲ. ಅದು ನಮ್ಮ ಪರಂಪರೆಯ ಮೇಲಿಟ್ಟ ನಂಬಿಕೆ. ಆ ನಂಬಿಕೆಯ ಮರೆಯಲ್ಲಿ ಬೆರಕೆ ಮಾಡುವವರು ಅಮಾನತ್ತಿಗೆ ಖಿಯಾನತ್ ಮಾಡುತ್ತಿದ್ದಾರೆ. ಅವರನ್ನು ಮುಚ್ಚಿಡುವುದರಿಂದ ಯುನಾನಿಯ ಮಾನ ಉಳಿಯುವುದಿಲ್ಲ, ಹೋಗುತ್ತದೆ. ಹಾಗೆಂದು ಎಲ್ಲ ಹಕೀಮರನ್ನೂ ಅನುಮಾನಿಸಬೇಡಿ. ಕೇಳುವ ಹಕ್ಕು ನಿಮಗಿದೆ, ಕೇಳಿ ಎಂದಷ್ಟೇ ನಾನು ಹೇಳುವುದು.

ಅನುಮಾನ ಪಡಬೇಕಾದ ಗುರುತುಗಳು ಇವು: ವರ್ಷಗಳ ನೋವು ಒಂದೆರಡು ದಿನದಲ್ಲೇ ಮಾಯವಾಗುವುದು, ಹಸಿವು ವಿಪರೀತ ಹೆಚ್ಚುವುದು, ಮುಖ ಗುಂಡಗೆ ಊದಿಕೊಳ್ಳುವುದು, ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಬೆಳೆಯುವುದು, ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟುವುದು, ಸಕ್ಕರೆ ಅಥವಾ ಬಿ.ಪಿ. ದಿಢೀರನೆ ಏರುವುದು, ಪುಡಿ ಬಿಟ್ಟ ಕೂಡಲೇ ನೋವು ಇಮ್ಮಡಿಯಾಗಿ ಮರಳುವುದು. ಗಿಡಮೂಲಿಕೆ ನಿಧಾನವಾಗಿ ಕೆಲಸ ಮಾಡುತ್ತದೆ. ಒಂದೇ ರಾತ್ರಿಯಲ್ಲಿ ಪವಾಡ ಮಾಡಿದರೆ ಅದರಲ್ಲಿ ಬೇರೆ ಏನೋ ಇದೆ ಎಂದು ತಿಳಿಯಿರಿ.

ಅನುಮಾನ ಬಂತೆಂದು ಪುಡಿಯನ್ನು ಆ ದಿನವೇ ಚರಂಡಿಗೆ ಚೆಲ್ಲಬೇಡಿ. ಪೊಟ್ಟಣ ಸಮೇತ ಎಂ.ಡಿ. ವೈದ್ಯರ ಅಥವಾ ಹಾರ್ಮೋನ್ ತಜ್ಞರ ಬಳಿ ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂದು ನಾಚಿಕೆ ಇಲ್ಲದೆ ಹೇಳಿ.

ಇದೇ ಕಾರಣಕ್ಕೆ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. "ನಮ್ಮ ಔಷಧಿ ಶುರು ಮಾಡುವ ಮೊದಲು ಇಂಗ್ಲಿಷ್ ಔಷಧಿ ಪೂರ್ತಿ ಬಿಡಿ" ಎಂದು ಹೇಳುವ ವಾಡಿಕೆಯನ್ನು ನಾವು ಕೈಬಿಡಬೇಕು. ಮಾತ್ರೆಯ ಪಟ್ಟಿಯಲ್ಲಿ ಸ್ಟೀರಾಯ್ಡ್ ಇದ್ದರೆ ಆ ಒಂದು ವಾಕ್ಯ ರೋಗಿಯನ್ನು ಐ.ಸಿ.ಯು.ಗೆ ಕಳಿಸಬಹುದು. ಜ್ಯೇಷ್ಠಮಧು, ನಾವು ಅಸ್ಲುಸ್ಸೂಸ್ ಎನ್ನುವುದು, ಕಾರ್ಟಿಸಾಲನ್ನು ಎಬ್ಬಿಸುತ್ತದೆ ಎಂದು ಕೆಲವರು ಕೊಡುತ್ತಾರೆ. ಅದು ಮಾಡುವುದು ಇಷ್ಟೇ: ದೇಹದಲ್ಲಿ ಈಗಾಗಲೇ ಇರುವ ಕಾರ್ಟಿಸಾಲ್ ಒಡೆಯುವುದನ್ನು ತಡೆಯುತ್ತದೆ. ಹೆಚ್ಚಾಗಿ ತಿಂದರೆ ಬಿ.ಪಿ. ಏರಿ ಪೊಟ್ಯಾಶಿಯಂ ಇಳಿಯುತ್ತದೆ. ಮಲಗಿದ ಪಿಟ್ಯುಟರಿಯನ್ನು ಅದು ಎಬ್ಬಿಸುವುದಿಲ್ಲ, ಸ್ಟೀರಾಯ್ಡಿಗೆ ಬದಲಿಯೂ ಅಲ್ಲ. ಕೆಮ್ಮಿಗೆ ಅದು ಒಳ್ಳೆಯದು, ಕೆಮ್ಮಿಗೇ ಇರಲಿ.

ಪತ್ತೆ ಮಾಡುವುದು ಹೇಗೆ?

ಪರೀಕ್ಷೆ ಸರಳ. ಕಾರ್ಟಿಸಾಲ್ ಬೆಳಿಗ್ಗೆ ಅತಿ ಹೆಚ್ಚು, ನಡುರಾತ್ರಿ ಅತಿ ಕಡಿಮೆ. ಆದ್ದರಿಂದ ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಬೇಕು. ಸಂಜೆ ಕೊಟ್ಟರೆ ಆ ರಿಪೋರ್ಟಿನಿಂದ ಉಪಯೋಗವಿಲ್ಲ. ಅಂದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಹಿಂದಿನ ಪ್ರೆಡ್ನಿಸೊಲೋನ್ ಮಾತ್ರೆಗೂ ರಕ್ತಕ್ಕೂ ನಡುವೆ 24 ಗಂಟೆ ಇರಬೇಕು. ಇದನ್ನು ವೈದ್ಯರು ಹೇಳಿದಾಗ ಮಾತ್ರ ಮಾಡಿ.

ಕಾರ್ಟಿಸಾಲ್ 10 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಗ್ರಂಥಿ ಎಚ್ಚರಗೊಂಡಿದೆ ಎಂದು ಸಾಮಾನ್ಯವಾಗಿ ಭಾವಿಸಬಹುದು. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಮಲಗಿದೆ, ಸಣ್ಣ ಡೋಸ್ ಮುಂದುವರಿಸಿ ಕೆಲವು ತಿಂಗಳ ನಂತರ ಮತ್ತೆ ನೋಡಬೇಕು. ನಡುವೆ ಇದ್ದರೆ ಡೋಸ್ ಮುಂದುವರಿಸಿ ಕೆಲವು ವಾರಗಳ ನಂತರ ಮತ್ತೆ ಪರೀಕ್ಷೆ, ಅಥವಾ ಇಂಜೆಕ್ಷನ್ ಕೊಟ್ಟು ಗ್ರಂಥಿಯ ಶಕ್ತಿ ಅಳೆಯುವ ಪರೀಕ್ಷೆ ಬೇಕಾಗಬಹುದು. ಕುಟುಂಬ ನಿಯಂತ್ರಣದ ಮಾತ್ರೆ ನುಂಗುವ ಹೆಂಗಸರಲ್ಲಿ ಈ ಸಂಖ್ಯೆ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ನುಂಗುವವರಲ್ಲಿ ಹಲವು ಹಾರ್ಮೋನ್ ರಿಪೋರ್ಟುಗಳು ಕೆಡುತ್ತವೆ. ಇವನ್ನು ಲ್ಯಾಬಿಗೆ ಹೋಗುವ ಮೊದಲೇ ವೈದ್ಯರಿಗೆ ತಿಳಿಸಿ.

ಇನ್ನೊಂದು ಎಚ್ಚರಿಕೆ. ಪಿಟ್ಯುಟರಿಯಿಂದ ಬಂದ ಥೈರಾಯ್ಡ್ ಕೊರತೆಯಲ್ಲಿ ಟಿ.ಎಸ್.ಎಚ್. ಮಾಮೂಲಾಗಿಯೇ ಕಾಣಬಹುದು. ಫ್ರೀ ಟಿ4 ಜೊತೆಗೆ ನೋಡಬೇಕು. ಎರಡೂ ಕೊರತೆ ಇದ್ದವರಿಗೆ ಮೊದಲು ಸ್ಟೀರಾಯ್ಡ್ ಕೊಟ್ಟು ಆಮೇಲೆ ಥೈರಾಯ್ಡ್ ಮಾತ್ರೆ ಕೊಡಬೇಕು. ತಿರುಗುಮುರುಗಾದರೆ ಬಿ.ಪಿ. ಕುಸಿಯುವ ಅಪಾಯವಿದೆ.

ಇಳಿಸುವ ಕ್ರಮ, ಜ್ವರದ ನಿಯಮ

ಒಂದೆರಡು ವಾರ ಮಾತ್ರ ಸ್ಟೀರಾಯ್ಡ್ ತೆಗೆದುಕೊಂಡವರು ಹೆದರಬೇಕಿಲ್ಲ. ವೈದ್ಯರು ಹೇಳಿದ ದಿನಕ್ಕೆ ನಿಲ್ಲಿಸಬಹುದು. ಮೂರು ನಾಲ್ಕು ವಾರ ಮೀರಿದವರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಹತ್ತಿರ ಬರುವ ತನಕ ಮೂಲ ಕಾಯಿಲೆ ನೋಡಿಕೊಂಡು ಇಳಿಸುತ್ತಾರೆ. ಅಲ್ಲಿಂದ ಕೆಳಗೆ ಬಲು ನಿಧಾನ, ಇಲ್ಲವೇ ರಕ್ತಪರೀಕ್ಷೆ ನೋಡಿ. ಇಳಿಸುವಾಗ ಮೈಕೈ ನೋವು, ಬೇಸರ, ನಿದ್ದೆಗೇಡು ಬರುವುದುಂಟು. ಹಳೆಯ ಕಾಯಿಲೆ ಮರಳಿತೆಂದು ನೀವೇ ಡೋಸ್ ಏರಿಸಬೇಡಿ, ಹೋಗಿ ತೋರಿಸಿ.

ಗ್ರಂಥಿ ಎಚ್ಚರಗೊಳ್ಳುವ ತನಕ ಈ ನಿಯಮಗಳು ಮನೆಯ ಎಲ್ಲರಿಗೂ ಬಾಯಿಪಾಠವಾಗಿರಲಿ:

1. ಜ್ವರ ಬಂದರೆ ದಿನದ ಡೋಸನ್ನು ಇಮ್ಮಡಿ ಮಾಡಲು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಲೆಕ್ಕ ಎಷ್ಟು ಎಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.

2. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ "ಸ್ಟೀರಾಯ್ಡ್ ಮೇಲಿರುವ ರೋಗಿ" ಎಂದು ಮೊದಲ ಮಾತಾಗಿ ಹೇಳಿ. ದೊಡ್ಡವರಿಗೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ಸಲೈನ್ ಬೇಕಾಗುತ್ತದೆ.

3. ಹಲ್ಲು ಕೀಳಿಸುವುದಾಗಲಿ, ಆಪರೇಷನ್ ಆಗಲಿ, ಹೆರಿಗೆಯಾಗಲಿ, ಮೊದಲೇ ತಿಳಿಸಿ.

4. ಔಷಧಿಯ ಹೆಸರು, ಡೋಸ್, ಶುರುವಾದ ತಾರೀಖು, ವೈದ್ಯರ ಫೋನ್ ನಂಬರ್ ಬರೆದ ಚೀಟಿಯನ್ನು ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆ ಇಡಿ.

ಉಬ್ಬಸದ ಮಕ್ಕಳ ತಾಯಂದಿರು ಇದನ್ನು ಓದಿ ಪಂಪ್ ನಿಲ್ಲಿಸಬಾರದು. ವೈದ್ಯರು ಹೇಳಿದ ಸಾಮಾನ್ಯ ಪ್ರಮಾಣದಲ್ಲಿ ಅದರಿಂದ ಇಂಥ ಅಪಾಯ ಬಹಳ ಕಡಿಮೆ. ಉಬ್ಬಸವೇ ಅದಕ್ಕಿಂತ ದೊಡ್ಡ ಅಪಾಯ.

ರಮಝಾನ್ ಮತ್ತು ಹಜ್ಜ್

ಕಾರ್ಟಿಸಾಲ್ ಕೊರತೆ ಇರುವವರಿಗೆ ದೀರ್ಘ ಉಪವಾಸದಲ್ಲಿ ನೀರು, ಉಪ್ಪು, ಸಕ್ಕರೆ ಇಳಿದು ಅಪಾಯವಾಗಬಹುದು. ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಸ್ಥಿರವಾಗಿರುವ ಕೆಲವರಿಗೆ ಸಹರಿಯ ಹೊತ್ತಿಗೆ ಪ್ರೆಡ್ನಿಸೊಲೋನ್ ಕೊಟ್ಟು ಉಪವಾಸಕ್ಕೆ ಅನುಮತಿ ಕೊಡಬಹುದು. ಇತ್ತೀಚೆಗಷ್ಟೇ ಪತ್ತೆಯಾದವರು, ಈಚೆಗೆ ಬಿ.ಪಿ. ಕುಸಿದು ಆಸ್ಪತ್ರೆ ಸೇರಿದವರು, ಗರ್ಭಿಣಿಯರು, ಪಿಟ್ಯುಟರಿ ತೊಂದರೆಯಿಂದ ಅತಿಮೂತ್ರ ಇರುವವರು ಉಪವಾಸ ಹಿಡಿಯಬಾರದು.

ಉಪವಾಸದ ನಡುವೆ ತಲೆಸುತ್ತು, ವಾಂತಿ, ಬೆವರು, ವಿಪರೀತ ಸುಸ್ತು ಬಂದರೆ ಇಫ್ತಾರಿಗೆ ಇನ್ನು ಅರ್ಧ ಗಂಟೆ ಎಂದು ಕಾಯಬೇಡಿ. ರೋಗಿಗಳಿಗೂ ಪ್ರಯಾಣಿಕರಿಗೂ ರಿಯಾಯಿತಿ ಕುರ್‌ಆನಿನಲ್ಲೇ ಇದೆ. "ನಾನೇ ಬಿಟ್ಟರೆ ಮಕ್ಕಳು ಏನೆಂದುಕೊಂಡಾರು" ಎಂದು ಹಿರಿಯರು ಹಟ ಹಿಡಿಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಪಡೆಯುವುದರಲ್ಲಿ ನಾಚಿಕೆ ಏನಿದೆ? ಕಝಾ ತೀರಿಸುವುದೋ ಫಿದ್ಯಾ ಕೊಡುವುದೋ ಎಂಬುದನ್ನು ನಿಮ್ಮ ಆಲಿಮರ ಬಳಿ ಕೇಳಿ. ಜುಮಾದ ದಿನ ಖತೀಬರು ಶಅಬಾನಿನಲ್ಲಿ ಈ ವಿಷಯವನ್ನು ಎರಡು ನಿಮಿಷ ಹೇಳಿದರೆ ನನ್ನ ಲೇಖನಕ್ಕಿಂತ ಹೆಚ್ಚು ಜನರಿಗೆ ತಲುಪುತ್ತದೆ.

ಹಜ್ಜ್, ಉಮ್ರಾಕ್ಕೆ ಹೋಗುವವರು ಬೇಕಾದದ್ದಕ್ಕಿಂತ ಇಮ್ಮಡಿ ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ವೈದ್ಯರ ಪತ್ರವೂ ಜೊತೆಗಿರಲಿ. ಬಿಸಿಲು, ನಡಿಗೆ, ಜನಸಂದಣಿಯ ಜ್ವರಕೆಮ್ಮು ಎಲ್ಲವೂ ಅಲ್ಲಿ ಒಟ್ಟಿಗೇ ಬರುತ್ತವೆ. ಗುಂಪಿನ ಮುಖ್ಯಸ್ಥರಿಗೆ ಹೊರಡುವ ಮೊದಲೇ ತಿಳಿಸಿರಿ.

ಸ್ಟೀರಾಯ್ಡ್ ಒಂದೇ ಅಲ್ಲ

ಪಿಟ್ಯುಟರಿಯನ್ನು ತಟ್ಟುವ ಬೇರೆ ಚಿಕಿತ್ಸೆಗಳೂ ಇವೆ. ವಾಂತಿ, ಗ್ಯಾಸ್ಟ್ರಿಕ್‌ಗೆ ಕೊಡುವ ಡೊಂಪೆರಿಡೋನ್, ಲೆವೊಸಲ್ಪಿರೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಮುಟ್ಟು ತಪ್ಪುತ್ತದೆ, ಮಗು ಇಲ್ಲದಿದ್ದರೂ ಎದೆಹಾಲು ಒಸರಬಹುದು, ಗರ್ಭ ನಿಲ್ಲುವುದಿಲ್ಲ. ಮಕ್ಕಳಾಗಿಲ್ಲ ಎಂದು ಸೊಸೆಯನ್ನು ಊರೂರು ತಿರುಗಿಸುವ ಮೊದಲು, ತಲೆಯ ಎಂ.ಆರ್.ಐ. ಮಾಡಿಸುವ ಮೊದಲು, ಅವಳು ನುಂಗುವ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ರಿಸ್ಪೆರಿಡೋನ್‌ನಂಥ ಮಾನಸಿಕ ಕಾಯಿಲೆಯ ಔಷಧಿಗಳಿಂದಲೂ ಹೀಗಾಗುತ್ತದೆ. ಅವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಮನೋವೈದ್ಯರೇ ಬದಲಿಸಬೇಕು.

ಜಿಮ್ಮಿನಲ್ಲಿ ಮೈ ಕಟ್ಟಲು ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುವ ಹುಡುಗರೇ, ಹೊರಗಿನ ಹಾರ್ಮೋನ್ ಬಂದಾಗ ಪಿಟ್ಯುಟರಿ ವೃಷಣಗಳಿಗೂ ಸೂಚನೆ ನಿಲ್ಲಿಸುತ್ತದೆ. ವೀರ್ಯಾಣು ಶೂನ್ಯಕ್ಕೆ ಇಳಿಯಬಹುದು, ಮರಳಲು ಹಲವು ತಿಂಗಳು, ಕೆಲವೊಮ್ಮೆ ವರ್ಷ ಮೀರಿ ಬೇಕು.

ಮೆದುಳಿನ ಗಡ್ಡೆ ಅಥವಾ ರಕ್ತದ ಕ್ಯಾನ್ಸರಿಗೆ ತಲೆಗೆ ರೇಡಿಯೇಷನ್ ಪಡೆದ ಮಕ್ಕಳಲ್ಲಿ ಪರಿಣಾಮ ವರ್ಷಗಳ ನಂತರ ಕಾಣುತ್ತದೆ. ಮೊದಲು ಪೆಟ್ಟು ಬೀಳುವುದು ಬೆಳವಣಿಗೆಯ ಹಾರ್ಮೋನಿಗೆ. ಕ್ಯಾನ್ಸರ್ ಗೆದ್ದಾಯಿತು ಎಂದು ಫೈಲನ್ನು ಅಟ್ಟಕ್ಕೆ ಎಸೆಯದೆ ಆರು ತಿಂಗಳಿಗೊಮ್ಮೆ ಮಗುವಿನ ಎತ್ತರ ಅಳೆದು ಬರೆದಿಡಿ. ಪಿಟ್ಯುಟರಿ ಗಡ್ಡೆಯ ಆಪರೇಷನ್ ಆದವರಲ್ಲಿ ತಡೆಯದ ದಾಹ, ಬಕೆಟ್ಟುಗಟ್ಟಲೆ ಮೂತ್ರ, ಅಥವಾ ಮನೆಗೆ ಬಂದ ವಾರದಲ್ಲಿ ತಲೆನೋವು, ಮಂಕು ಕಂಡರೆ ಸೋಡಿಯಂ ಪರೀಕ್ಷೆ ಅದೇ ದಿನ ಆಗಬೇಕು. ಕ್ಯಾನ್ಸರಿಗೆ ಇಮ್ಯುನೋಥೆರಪಿ ಪಡೆಯುವವರಲ್ಲಿ ಹೊಸ ತಲೆನೋವು, ಸುಸ್ತು ಬಂದರೆ ಕ್ಯಾನ್ಸರಿನದೇ ಎಂದು ಬಿಡಬೇಡಿ. ಪಿಟ್ಯುಟರಿ ಊದಿರಬಹುದು. ಅಲ್ಲಿ ಹೋದ ಕಾರ್ಟಿಸಾಲ್ ಸೂಚನೆ ಸಾಮಾನ್ಯವಾಗಿ ಮರಳುವುದಿಲ್ಲ, ಮಾತ್ರೆ ಜೀವನಪೂರ್ತಿ ಬೇಕು.

ಹಾಗಾದರೆ ಸ್ಟೀರಾಯ್ಡ್ ವಿಷವೇ?

ಅಲ್ಲ. ತೀವ್ರ ಉಬ್ಬಸದಲ್ಲಿ, ಮೂತ್ರಪಿಂಡದ ಕೆಲವು ಕಾಯಿಲೆಗಳಲ್ಲಿ, ಆಕ್ಸಿಜನ್ ಬೇಕಾಗಿದ್ದ ಕೋವಿಡ್ ರೋಗಿಗಳಲ್ಲಿ ಅದು ಜೀವ ಉಳಿಸಿದೆ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಹೇಗೆ ಇಳಿಸಿದರು ಎಂಬುದರಲ್ಲಿ ಲಾಭ ನಷ್ಟದ ಲೆಕ್ಕ ಇದೆ. ಅಲೋಪತಿ ವೈದ್ಯರ ಮೇಲೂ ನನ್ನದೊಂದು ದೂರಿದೆ. ಔಷಧಿ ಶುರು ಮಾಡುವಾಗ ಇಳಿಸುವ ಕ್ರಮವನ್ನು ರೋಗಿಗೆ ಅರ್ಥವಾಗುವ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದುಕೊಡುವವರು ಕಡಿಮೆ. ಎರಡು ನಿಮಿಷದ ಆ ಬರಹ ಇಲ್ಲದ್ದರಿಂದಲೇ ಎಷ್ಟೋ ಜನ ತಾವಾಗಿ ನಿಲ್ಲಿಸುತ್ತಾರೆ.

ಆದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಪ್ರತಿಯೊಂದು ಮಾತ್ರೆ, ಪುಡಿ, ಕ್ರೀಮ್, ಪಂಪನ್ನು ಒಂದು ತಟ್ಟೆಯಲ್ಲಿ ಹರಡಿ. ಮೇಲೆ ಹೇಳಿದ ಹೆಸರುಗಳು ಇವೆಯೇ ನೋಡಿ. ಹೆಸರೇ ಇಲ್ಲದ ಪೊಟ್ಟಣವಿದ್ದರೆ ಕೊಟ್ಟವರ ಬಳಿ ಹೋಗಿ ಒಳಗೇನಿದೆ ಎಂದು ಬರೆದುಕೊಡಲು ಕೇಳಿ. ನನ್ನ ಬಳಿ ಬಂದರೂ ಇದೇ ಪ್ರಶ್ನೆ ಕೇಳಿ. ಬರೆದುಕೊಡಲು ಒಪ್ಪದ ವೈದ್ಯರ ಔಷಧಿಯನ್ನು ಹೊಸದಾಗಿ ಶುರು ಮಾಡಬೇಡಿ. ಈಗಾಗಲೇ ತಿಂಗಳುಗಳಿಂದ ತಿನ್ನುತ್ತಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸದೆ, ಪೊಟ್ಟಣ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.